ಸಿಸ್ಟರ್ ಪಾಸ್‌ವರ್ಡೂ, ಲಾಕರಿನ ಎರಡು ಬೀಗದಕೈಯೂ

ನಮ್ಮ ಸಾಫ್ಟ್‌ವೇರ್ ಮಂದಿಯ ಹತ್ತಿರ ಒಂದು ರೆಡಿಮೇಡ್ ಡೈಲಾಗ್ ಇದೆ. "ಎಷ್ಟು ಸೆಕ್ಯೂರಿಟಿ ಹಾಕಿದ್ರೂ ಯೂಸರ್‌ಗೆ ಬುದ್ಧಿ ಇಲ್ಲದಿದ್ರೆ ಎಂತ ಮಾಡುದು ಮಾರಾಯ?" ಆಸ್ಪತ್ರೆ ಸಾಫ್ಟ್‌ವೇರಿನ ಮಾತು ಬಂದರಂತೂ ಈ ಡೈಲಾಗಿಗೆ ರೆಕ್ಕೆಪುಕ್ಕ ಬರುತ್ತದೆ. ನರ್ಸುಗಳು ಪಾಸ್‌ವರ್ಡ್ ಬರೆದು ಮಾನಿಟರಿಗೆ ಅಂಟಿಸ್ತಾರೆ, ಡಾಕ್ಟ್ರು ಲಾಗಿನ್ ಆಗಿ ಹಾಗೇ ಎದ್ದು ಹೋಗ್ತಾರೆ, ಇಡೀ ವಾರ್ಡಿಗೆ ಒಂದೇ ಯೂಸರ್ ಐಡಿ... ಹೇಳಿ ಹೇಳಿ ನಗುತ್ತಾರೆ. ಮಣಿಪಾಲದ ಟೈಗರ್ ಸರ್ಕಲ್ಲಿನ ಆಸುಪಾಸು ಚಾ ಕುಡಿಯುವಾಗ ಇಂಥ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಇವತ್ತು ಸ್ವಲ್ಪ ಜಗಳ ಮಾಡೋಣ ಅಂತ ಕೂತಿದ್ದೇನೆ. ಜಗಳ ಸಿಸ್ಟರ್‌ಗಳ ಜೊತೆ ಅಲ್ಲ, ನಮ್ಮವರ ಜೊತೆಗೇ.

ಆಸ್ಪತ್ರೆಯಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಕಲಿಸಿದ್ದು ನಾವು ಮತ್ತು ನಮಗೆ ಆರ್ಡರ್ ಕೊಡುವ ಆಡಳಿತದವರು. ಈಗ ಅದಕ್ಕೆ ಮದ್ದು ಅಂತ ಸಿಸ್ಟರ್‌ಗಳ ಸ್ವಂತ ಮೊಬೈಲಿಗೆ ಒಟಿಪಿ ಕಳಿಸಲು ಹೊರಟವರೂ ನಾವೇ. ಎರಡನೇ ಬೀಗ ಬೇಕು, ಅದರಲ್ಲಿ ನನಗೆ ಸಂಶಯವೇ ಇಲ್ಲ. ಆದರೆ ಅದರ ಬೀಗದಕೈಯನ್ನು ಆಸ್ಪತ್ರೆ ತನ್ನ ಖರ್ಚಿನಲ್ಲಿ ಮಾಡಿಸಿ ಕೊಡಬೇಕು, ಮತ್ತು ಅದು ಎರಡು ಸೆಕೆಂಡಿನಲ್ಲಿ ತೆರೆಯಬೇಕು. ಇವೆರಡೂ ಇಲ್ಲದ ಬೀಗವನ್ನು ಹಾಕಿ, ಆಮೇಲೆ "ಅವರಿಗೆ ಅವೇರ್‌ನೆಸ್ ಇಲ್ಲ" ಅಂತ ಟ್ರೈನಿಂಗ್ ಇಡುವುದು ನಾಚಿಕೆಗೇಡು.

ಎರಡು ಬೀಗ ಅಂದರೆ ಏನು ಅಂತ ನಮ್ಮ ಊರಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಉಡುಪಿ ಬ್ಯಾಂಕುಗಳ ಊರು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಹುಟ್ಟಿದ್ದು ಇಲ್ಲೇ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದೂ ಇಲ್ಲೇ. (ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು, ಆ ಸಂಕಟ ಇನ್ನೊಂದು ದಿನಕ್ಕಿರಲಿ.) ಅಜ್ಜಿಯ ಕರಿಮಣಿ ಸರ ಇಟ್ಟ ಲಾಕರ್ ತೆಗೆಯಲು ಹೋದಾಗ ನೋಡಿರುತ್ತೀರಿ: ಬ್ಯಾಂಕಿನವರ ಒಂದು ಬೀಗದಕೈ, ನಮ್ಮದೊಂದು ಬೀಗದಕೈ. ಒಂದರಿಂದ ತೆರೆಯುವುದಿಲ್ಲ. ಶಾಸ್ತ್ರ ಪ್ರಕಾರ ಇದು 'ಇಬ್ಬರ ಕಾವಲು', ಒಬ್ಬನೇ ಮನುಷ್ಯನ ಎರಡು ಸಾಕ್ಷಿ ಬೇಕಾದರೆ ಎಟಿಎಂ ನೋಡಿ: ಕೈಯಲ್ಲಿ ಕಾರ್ಡು, ತಲೆಯಲ್ಲಿ ಪಿನ್ನು. ಕಾರ್ಡು ಬಿದ್ದು ಸಿಕ್ಕಿದವನಿಗೆ ಪಿನ್ ಗೊತ್ತಿಲ್ಲ, ಪಿನ್ ಕದ್ದು ನೋಡಿದವನ ಹತ್ತಿರ ಕಾರ್ಡಿಲ್ಲ. ನಮ್ಮವರು ಮಲ್ಟಿ-ಫ್ಯಾಕ್ಟರ್ ಅಥೆಂಟಿಕೇಶನ್ ಅಂತ ಉದ್ದನೆಯ ಹೆಸರಿಟ್ಟು ಸ್ಲೈಡಿನಲ್ಲಿ ತೋರಿಸುವುದು ಇದನ್ನೇ :-)

ಇಲ್ಲಿ ಒಂದು ವಿಚಿತ್ರ ಇದೆ. ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಒಬ್ಬರು ಡಾ. ಟಿ.ಎಂ.ಎ. ಪೈ, ಮೂಲತಃ ಡಾಕ್ಟರು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುವಾಯಿತು, 1953ರಲ್ಲಿ ಅವರೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಒಬ್ಬರೇ ಮನುಷ್ಯ ಬ್ಯಾಂಕನ್ನೂ ಆಸ್ಪತ್ರೆಯನ್ನೂ ಕಟ್ಟಿದ ಊರು ನಮ್ಮದು. ಆದರೆ ನಮ್ಮ ದೇಶದಲ್ಲಿ ಬ್ಯಾಂಕು ಕಲಿತದ್ದನ್ನು ಆಸ್ಪತ್ರೆ ಕಲಿಯಲಿಲ್ಲ. ಇಂಟರ್ನೆಟ್ಟಿನಲ್ಲಿ ಕಾರ್ಡ್ ಬಳಸಿದರೆ ಕಾರ್ಡಿನ ನಂಬರಿನ ಮೇಲೆ ಇನ್ನೊಂದು ಪರೀಕ್ಷೆ ಇರಲೇಬೇಕು ಅಂತ ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಆಗ ಎಷ್ಟು ಜನ ಗೊಣಗಿದರು! ಗಿರಾಕಿ ಓಡಿಹೋಗ್ತಾರೆ, ವ್ಯಾಪಾರ ಹಾಳಾಗ್ತದೆ ಅಂತ. ಯಾರೂ ಓಡಿಹೋಗಲಿಲ್ಲ. ಇನ್ನೂರು ರೂಪಾಯಿಯ ಪುಸ್ತಕ ತರಿಸಲು ಎರಡು ಬೀಗ ಇದೆ. ನಿಮ್ಮ ರಕ್ತಪರೀಕ್ಷೆ, ಸ್ಕ್ಯಾನು, ಮಾನಸಿಕ ಚಿಕಿತ್ಸೆಯ ಟಿಪ್ಪಣಿ ನೋಡಲು ಬಹಳ ಕಡೆ ಒಂದೇ ಬೀಗ, ಅದರ ಬೀಗದಕೈಯೂ ಹೊರಗೇ ನೇತುಹಾಕಿದೆ.

ವಾರ್ಡಿನವರಿಗೆ ಎರಡು ಬೀಗದ ಅಭ್ಯಾಸ ಇಲ್ಲ ಅನ್ನುವವರು ಒಮ್ಮೆ ಮಾರ್ಫಿನ್ ಇಡುವ ಕಪಾಟು ನೋಡಿ ಬರಬೇಕು. ಡಬಲ್ ಲಾಕ್, ಪಕ್ಕದಲ್ಲಿ ರಿಜಿಸ್ಟರ್. ಯಾವ ಪೇಶೆಂಟಿಗೆ, ಎಷ್ಟು ಮಿಲಿಗ್ರಾಂ, ಯಾರು ತೆಗೆದರು, ಯಾರು ಸಾಕ್ಷಿ, ಒಡೆದ ಆಂಪ್ಯೂಲಿನಲ್ಲಿ ಉಳಿದದ್ದು ಎಲ್ಲಿ ಹೋಯಿತು... ಎಲ್ಲದಕ್ಕೂ ಸಹಿ. ಪಾಳಿ ಬದಲಾಗುವಾಗ ಎಣಿಸಿ ಒಪ್ಪಿಸುತ್ತಾರೆ. ಇದನ್ನು ಮಾಡುವ ಅದೇ ಸಿಸ್ಟರ್ ಕಂಪ್ಯೂಟರಿನ ಮುಂದೆ ಬಂದ ಕೂಡಲೇ ಬೇಜವಾಬ್ದಾರಿ ಆಗಿಬಿಡುತ್ತಾರಾ? ಒಂದೇ ಕೈ, ಒಂದೇ ತಲೆ. ಕಪಾಟನ್ನು ವಾರ್ಡಿನ ಕೆಲಸ ಗೊತ್ತಿದ್ದವರು ಮಾಡಿದ್ದಾರೆ, ಲಾಗಿನ್ ಪೇಜನ್ನು ಎಸಿ ರೂಮಿನಲ್ಲಿ ಕುರ್ಚಿ ಬಿಟ್ಟೇಳದ ನಾವು ಮಾಡಿದ್ದೇವೆ. ವ್ಯತ್ಯಾಸ ಇರುವುದು ಅಲ್ಲಿ.

ನಾವು ಬೆಳಗ್ಗೆ ಒಂದು ಸಲ ಲಾಗಿನ್ ಆದರೆ ಸಂಜೆಯವರೆಗೆ ಅದೇ ಲ್ಯಾಪ್‌ಟಾಪ್. ಸಿಸ್ಟರ್ ಕಥೆ ಹಾಗಲ್ಲ. ಬಿಪಿ ನೋಡಿ ಬಂದು ಬರೆಯಬೇಕು, ಇಂಜೆಕ್ಷನ್ ಕೊಟ್ಟು ಬಂದು ಬರೆಯಬೇಕು, ಲ್ಯಾಬಿನಿಂದ ರಿಪೋರ್ಟ್ ಬಂತಾ ಅಂತ ನೋಡಬೇಕು, ನಡುವೆ ಡಾಕ್ಟ್ರು ರೌಂಡ್ಸಿಗೆ ಬಂದು ಅದೇ ಕಂಪ್ಯೂಟರಿನಲ್ಲಿ ಆರ್ಡರ್ ಹಾಕಬೇಕು. ವಾರ್ಡಿಗೆ ಇರುವುದೇ ಒಂದೋ ಎರಡೋ ಮಿಷನ್. ಪ್ರತಿ ಸಲ ಒಬ್ಬರು ಲಾಗ್‌ಔಟ್ ಆಗಿ ಇನ್ನೊಬ್ಬರು ಲಾಗಿನ್ ಆಗಬೇಕು, ಸಾಫ್ಟ್‌ವೇರ್ ಲೋಡ್ ಆಗಬೇಕು, ಆಮೇಲೆ ವಾರ್ಡ್ ಆರಿಸಿ, ಪೇಶೆಂಟ್ ಹುಡುಕಿ... ಅಷ್ಟರಲ್ಲಿ 14ನೇ ಬೆಡ್ಡಿನವರ ಡ್ರಿಪ್ ಮುಗಿದಿರುತ್ತದೆ. ಒಂದು ನಿಮಿಷದ ಲಾಗಿನ್ ಪಾಳಿಗೆ ನಲವತ್ತು ಸಲ ಆದರೆ ನಲವತ್ತು ನಿಮಿಷ. ಈ ನಲವತ್ತು ನಿಮಿಷವನ್ನು ಯಾವ ಪೇಶೆಂಟಿನಿಂದ ಕಿತ್ತು ತರಬೇಕು ಅಂತ ನಮ್ಮ ಡಿಸೈನ್ ಡಾಕ್ಯುಮೆಂಟಿನಲ್ಲಿ ಯಾರಾದರೂ ಬರೆದದ್ದು ಉಂಟಾ?

ಇನ್ನೊಂದು ಗುಟ್ಟು ಹೇಳುತ್ತೇನೆ, ನಮ್ಮ ಇಂಡಸ್ಟ್ರಿಯವರಿಗೆ ಇಷ್ಟ ಆಗಲಿಕ್ಕಿಲ್ಲ. ಎಷ್ಟೋ ಸಾಫ್ಟ್‌ವೇರುಗಳ ಬೆಲೆ ಯೂಸರ್ ಲೆಕ್ಕದಲ್ಲಿ ಇರುತ್ತದೆ. ತಲೆಗೆ ಇಷ್ಟು ಅಂತ. ಇಪ್ಪತ್ತು ಸಿಸ್ಟರ್‌ಗಳಿಗೆ ಇಪ್ಪತ್ತು ಲೈಸೆನ್ಸ್ ತೆಗೆದುಕೊಳ್ಳುವ ಬದಲು ಆಡಳಿತದವರು ನಾಲ್ಕು ತೆಗೆದುಕೊಂಡು ವಾರ್ಡ್1, ವಾರ್ಡ್2 ಅಂತ ಹೆಸರಿಡುತ್ತಾರೆ. ಕೊಟೇಷನ್ ಕೊಡುವಾಗ ಸೇಲ್ಸಿನವರಿಗೆ ಇದು ಚೆನ್ನಾಗಿ ಗೊತ್ತು, ಕಣ್ಣು ಮುಚ್ಚಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಂದರೆ ಪಾಸ್‌ವರ್ಡ್ ಹಂಚುವುದು ಪರ್ಚೇಸ್ ಆರ್ಡರಿನಲ್ಲೇ ಬರೆದಾಗಿದೆ! ಆಮೇಲೆ ಅದೇ ಕಂಪನಿಯವರು ಬಂದು "ಡು ನಾಟ್ ಶೇರ್ ಯುವರ್ ಪಾಸ್‌ವರ್ಡ್" ಅಂತ ಪೋಸ್ಟರ್ ಅಂಟಿಸುತ್ತಾರೆ. ಪೋಸ್ಟರ್ ಮಾತ್ರ ಫ್ರೀ.

ಹೊಸಬರ ಪಾಡು ಇನ್ನೂ ಚಂದ. ನಮ್ಮ ಕಡೆ ಮೆಡಿಕಲ್, ನರ್ಸಿಂಗ್ ಕಾಲೇಜುಗಳಿಗೆ ಬರ ಇಲ್ಲ, ಇಂಟರ್ನ್‌ಗಳು, ವಿದ್ಯಾರ್ಥಿಗಳು ಡಿಪಾರ್ಟ್‌ಮೆಂಟಿನಿಂದ ಡಿಪಾರ್ಟ್‌ಮೆಂಟಿಗೆ ತಿರುಗುತ್ತಲೇ ಇರುತ್ತಾರೆ. ಹೊಸಬರಿಗೆ ಐಡಿ ಬೇಕಾದರೆ ಫಾರ್ಮು, ಅದರ ಮೇಲೆ ಸಹಿ, ಐಟಿಯವರ ಟಿಕೆಟ್... ಐಡಿ ಬರುವಷ್ಟರಲ್ಲಿ ಪೋಸ್ಟಿಂಗ್ ಮುಗಿಯಿತು. ಅಲ್ಲಿಯವರೆಗೆ? ಸೀನಿಯರ್ ಐಡಿ. ಅದರ ಮೇಲೆ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕು ಅನ್ನುವ ನಿಯಮ. ಕೃಷ್ಣ@1, ಮುಂದಿನ ತಿಂಗಳು ಕೃಷ್ಣ@2. ಕಾರಣ ಇಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಾಯಿಸಲು ಒತ್ತಾಯ ಮಾಡಬೇಡಿ ಅಂತ ಅಮೆರಿಕದ ನಿಸ್ಟ್ ಸಂಸ್ಥೆ 2017ರಲ್ಲೇ ಹೇಳಿತು. ಇವತ್ತಿಗೂ ನಮ್ಮವರು ಅದನ್ನು ದೇವರ ಹರಕೆಯ ಹಾಗೆ ತಪ್ಪದೆ ಮಾಡಿಸುತ್ತಾರೆ.

ಹಂಚಿದ ಲಾಗಿನ್ನಿನಿಂದ ಪೆಟ್ಟು ತಿನ್ನುವವರು ಯಾರು ಅಂತ ನನಗೆ ಗೊತ್ತಾದದ್ದು ಮನೆಯಲ್ಲೇ. ಕಾಪುವಿನಲ್ಲಿರುವ ನನ್ನ ದೊಡ್ಡಮ್ಮನ ಮಗಳು ಸ್ಟಾಫ್ ನರ್ಸ್. ಯಾವ ಆಸ್ಪತ್ರೆ, ಯಾವ ಊರು ಅಂತೆಲ್ಲ ಬೇಡ. ಒಂದು ರಾತ್ರಿ ಪಾಳಿಯಲ್ಲಿ ಕೊಡದ ಔಷಧವನ್ನು ಕೊಟ್ಟಿದೆ ಅಂತ ಯಾರೋ ಅವಳ ಐಡಿಯಲ್ಲಿ ಎಂಟ್ರಿ ಮಾಡಿದ್ದಾರೆ. ಪೇಶೆಂಟಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಮೆಮೊ ಬಂತು ಅವಳಿಗೆ. ಎಂಟ್ರಿಯ ಹೊತ್ತಿಗೆ ಅವಳು ಡ್ಯೂಟಿಯಲ್ಲೇ ಇರಲಿಲ್ಲ, ಉಡುಪಿಯಿಂದ ಮನೆಗೆ ಬರುವ ಬಸ್ಸಿನಲ್ಲಿದ್ದಳು.

"ನಿನ್ನ ಐಡಿ ಬೇರೆಯವರಿಗೆ ಎಂತಕೆ ಕೊಟ್ಟದ್ದು ಅಕ್ಕ?" ಅಂತ ಕೇಳಿದೆ.

"ಕೊಡುದಾ? ಇನ್‌ಚಾರ್ಜ್ ಎಲ್ಲರದ್ದೂ ಬರೆಸಿ ಇಟ್ಟುಕೊಂಡಿದ್ದಾರೆ ಮಾರಾಯ. ನೀನು ಕೊಡುದಿಲ್ಲ ಅಂತ ಹೇಳು ನೋಡುವ, ಮರುದಿನದಿಂದ ನಿನಗೆ ನೈಟ್ ಡ್ಯೂಟಿಯೇ."

ಕಂಪ್ಯೂಟರಿನ ಲಾಗ್ ಬುಕ್ಕಿನಲ್ಲಿ ಅವಳ ಹೆಸರಿದೆ, ಹಾಗಾಗಿ ಅವಳೇ ಮಾಡಿದ್ದು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲವಲ್ಲ! ಎರಡನೇ ಬೀಗದ ಬಗ್ಗೆ ಮಾತಾಡುವವರು ಯಾವಾಗಲೂ ರಷ್ಯಾದ ಹ್ಯಾಕರ್, ಉತ್ತರ ಕೊರಿಯಾದ ಹ್ಯಾಕರ್ ಅಂತ ಹೆದರಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಇದು. ಅವಳ ಕುತ್ತಿಗೆಯಲ್ಲಿರುವ ಕಾರ್ಡ್ ಇಲ್ಲದೆ ಅವಳ ಹೆಸರಿನಲ್ಲಿ ಎಂಟ್ರಿ ಬೀಳುವುದೇ ಇಲ್ಲ ಅಂತಾದರೆ, ಆ ಬೀಗ ಮೊದಲು ಕಾಯುವುದು ಅವಳ ಕೆಲಸವನ್ನು.

ಆಮೇಲೆ ಪೇಶೆಂಟಿನ ಮಾನವನ್ನು. ನಮ್ಮದು ಬೆಂಗಳೂರಲ್ಲ. ಕಾಪು ಪೇಟೆಯಲ್ಲಿ ಇಳಿದರೆ ಕಂಡಕ್ಟರಿಗೂ ನಮ್ಮ ಮನೆ ಯಾವುದು ಅಂತ ಗೊತ್ತು. ಕಾರ್ಕಳದಲ್ಲಿ ಒಬ್ಬರಿಗೆ ಹೆಣ್ಣು ನೋಡಿದರೆ ಮೂಡಬಿದಿರೆಯಲ್ಲಿ ಅವರ ಮೂರು ತಲೆಮಾರಿನ ಕಥೆ ಹೊರಬರುತ್ತದೆ. ಇಂಥಲ್ಲಿ ಒಬ್ಬ ಹುಡುಗಿ ಮಾನಸಿಕ ವೈದ್ಯರ ಹತ್ತಿರ ಹೋದದ್ದು, ಒಬ್ಬನ ಎಚ್‌ಐವಿ ಪರೀಕ್ಷೆ, ಯಾರದೋ ಗರ್ಭಪಾತ... ಯಾರೋ ಕುತೂಹಲಕ್ಕೆ ವಾರ್ಡ್1 ಐಡಿಯಲ್ಲಿ ತೆರೆದು ನೋಡಿ ಊರಿಗೆ ಹೇಳಿದರೆ ಹಿಡಿಯುವುದು ಯಾರನ್ನು? ವಾರ್ಡ್1 ಅನ್ನುವ ಮನುಷ್ಯ ಎಲ್ಲೂ ಇಲ್ಲ. 2017ರ ಎಚ್‌ಐವಿ ಕಾಯಿದೆಯಲ್ಲೂ ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯಲ್ಲೂ ಗುಟ್ಟು ಕಾಯುವುದು ಪೇಶೆಂಟಿನ ಹಕ್ಕು ಅಂತ ಬರೆದಾಗಿದೆ. ನೋಡಿದವರು ಯಾರು ಅಂತಲೇ ಹೇಳಲಾಗದ ಕಂಪ್ಯೂಟರ್ ಇಟ್ಟುಕೊಂಡು ಆ ಹಕ್ಕನ್ನು ಕೊಡುವುದು ಹೇಗೆ?

ಹಾಗಂತ ಹೊರಗಿನ ಕಳ್ಳರು ಸುಳ್ಳು ಅಂತಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರುಗಳು ಬಿದ್ದವು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಬೀಗ ಹಾಕಿ ಕೂರಿಸಿದ್ದರು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ದಿನಗಟ್ಟಲೆ ಕಾಗದ ಪೆನ್ನಿನಲ್ಲಿ ನಡೆಯಿತು. ಅಲ್ಲಿ ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅಂತ ಸರ್ಕಾರ ಸಂಸತ್ತಿಗೆ ಹೇಳಿತು, ಹಾಗಾಗಿ ಅದನ್ನು ನಾನು ಪಾಸ್‌ವರ್ಡಿನ ತಲೆಗೆ ಕಟ್ಟುವುದಿಲ್ಲ. ಆದರೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್‌ನಲ್ಲಿ ಆದದ್ದು ಶುದ್ಧ ಪಾಸ್‌ವರ್ಡಿನ ಕಥೆಯೇ. ದೂರದಿಂದ ಒಳಗೆ ಬರುವ ಒಂದು ಸಿಟ್ರಿಕ್ಸ್ ಬಾಗಿಲಿಗೆ ಎರಡನೇ ಬೀಗ ಇರಲಿಲ್ಲ, ಕದ್ದ ಪಾಸ್‌ವರ್ಡ್ ಸಾಕಾಯಿತು. ಒಳಗೆ ಬಂದವರು ಒಂಬತ್ತು ದಿನ ಸುತ್ತಾಡಿ ಆಮೇಲೆ ಎಲ್ಲವನ್ನೂ ಲಾಕ್ ಮಾಡಿದರು. ಕಂಪನಿ 2.2 ಕೋಟಿ ಡಾಲರ್ ಕಪ್ಪ ಕೊಟ್ಟಿತು, ಸುಮಾರು 19 ಕೋಟಿ ಜನರ ಮಾಹಿತಿ ಹೋಯಿತು. ಎರಡನೇ ಬೀಗ ಇರಲಿಲ್ಲ ಅನ್ನುವುದನ್ನೂ ಕಪ್ಪ ಕೊಟ್ಟದ್ದನ್ನೂ ಅದರ ಮಾಲೀಕ ಕಂಪನಿಯ ಮುಖ್ಯಸ್ಥರು ಸೆನೆಟ್ಟಿನ ಮುಂದೆ ಕೂತು ಒಪ್ಪಿಕೊಳ್ಳಬೇಕಾಯಿತು. ಬಾಗಿಲು ಬಿಟ್ಟದ್ದು ಯಾವ ನರ್ಸಮ್ಮನೂ ಅಲ್ಲ, ಅದು ಕಂಪನಿಯದ್ದೇ ಬಾಗಿಲು.

ಸರಿ, ಎರಡನೇ ಬೀಗ ಹಾಕೋಣ ಅಂದ ಕೂಡಲೇ ನಮ್ಮವರ ಉತ್ತರ ಏನು? "ಒಟಿಪಿ ಹಾಕಿದ್ರೆ ಆಯ್ತಲ್ಲ." ಆಸ್ಪತ್ರೆಗೂ ಖುಷಿ, ಯಾಕೆಂದರೆ ಮೊಬೈಲ್ ಸಿಸ್ಟರದ್ದು, ರೀಚಾರ್ಜ್ ಸಿಸ್ಟರದ್ದು, ಚಾರ್ಜರ್ ಕೂಡ ಸಿಸ್ಟರದ್ದೇ. ಉಡುಪಿ-ಕಾರ್ಕಳ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರಿಗೆ "ಟಿಕೆಟ್ ಮಿಷನ್ ನಿಮ್ಮ ಮನೆಯಿಂದ ತನ್ನಿ" ಅಂತ ಯಾವ ಬಸ್ ಮಾಲೀಕರಾದರೂ ಹೇಳುತ್ತಾರಾ? ಆಸ್ಪತ್ರೆಯಲ್ಲಿ ಮಾತ್ರ ಇದು ನಡೆಯುತ್ತದೆ. ಅದರಲ್ಲೂ ಡ್ಯೂಟಿಯಲ್ಲಿ ಮೊಬೈಲ್ ಮುಟ್ಟಬಾರದು ಅಂತ ನೋಟೀಸ್ ಹಾಕಿದ ಆಸ್ಪತ್ರೆಯೇ ಮೊಬೈಲಿಗೆ ಒಟಿಪಿ ಕಳಿಸಿದರೆ ಏನು ಮಾಡಬೇಕು? ಲಾಕರ್ ರೂಮಿಗೆ ಓಡಬೇಕಾ?

ಕೆಲಸವಾದರೂ ಆಗುತ್ತದಾ ಅಂದರೆ ಅದೂ ಅಷ್ಟಕ್ಕಷ್ಟೇ. ಎಕ್ಸ್‌ರೇ ರೂಮಿನ ಗೋಡೆಗೆ ಸೀಸದ ಹಾಳೆ, ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ. ಜೂನ್ ತಿಂಗಳ ಮಳೆಗೆ ಕರೆಂಟ್ ಹೋಗಿ ಟವರಿನ ಬ್ಯಾಟರಿ ಸತ್ತರೆ ಕಾರ್ಕಳದಿಂದ ಘಟ್ಟದ ಬುಡದ ಕಡೆಗೆ ಏನಾಗುತ್ತದೆ ಅಂತ ಅಲ್ಲಿನವರನ್ನು ಕೇಳಿ. ಸಿಮ್ ಬದಲಿಸಿ ನಂಬರನ್ನೇ ಕದಿಯುವವರು ಬೇರೆ. ಎಸ್ಎಂಎಸ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ ಅಂತ ನಿಸ್ಟ್‌ನವರು ಹೇಳಿದ್ದೂ ಅದೇ 2017ರಲ್ಲೇ. ಎಲ್ಲಕ್ಕಿಂತ ದೊಡ್ಡ ತೂತು ಏನೆಂದರೆ ಒಟಿಪಿಯನ್ನು ಬಾಯಲ್ಲಿ ಹೇಳಬಹುದು! "ಅಕ್ಕ, ನಿಮ್ಮ ಒಟಿಪಿ ಹೇಳಿ" ಅಂತ ವಾರ್ಡಿನಿಂದ ಫೋನ್ ಬಂದರೆ ಮನೆಯಲ್ಲಿ ಮಲಗಿದ್ದವರು ನಿದ್ದೆಗಣ್ಣಿನಲ್ಲಿ ಆರು ಅಂಕೆ ಹೇಳುತ್ತಾರೆ. ಹಂಚುವ ಪಾಸ್‌ವರ್ಡ್ ಒಂದಿತ್ತು, ಈಗ ಹಂಚುವ ಪಾಸ್‌ವರ್ಡ್ ಎರಡಾಯಿತು, ನಿದ್ದೆ ಹಾಳಾದದ್ದು ಲಾಭ.

ಮೊಬೈಲಿನಲ್ಲಿ 'ಹೌದು' ಒತ್ತುವ ಪದ್ಧತಿ ಇದೆಯಲ್ಲ, ಅದು ಸ್ವಲ್ಪ ವಾಸಿ ಅಂತ ಕೆಲವರು ಹೇಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಗೆ ಹೊಕ್ಕವನು ಪಾಸ್‌ವರ್ಡ್ ಸಂಪಾದಿಸಿಕೊಂಡು ಮೇಲಿಂದ ಮೇಲೆ ಆ ಪ್ರಶ್ನೆ ಕಳಿಸಿದ. ಕಾಟ ತಾಳಲಾರದೆ ಆ ಕಡೆಯವರು ಒಮ್ಮೆ 'ಹೌದು' ಒತ್ತಿದರು, ಕಥೆ ಮುಗಿಯಿತು. ಪ್ರಪಂಚಕ್ಕೆ ಆಪ್ ಮಾಡಿ ಮಾರುವ ಕಂಪನಿಯವರಿಗೇ ಹೀಗಾದರೆ ಹನ್ನೆರಡನೇ ಗಂಟೆಯ ಡ್ಯೂಟಿಯಲ್ಲಿರುವ ಪಿಜಿ ಡಾಕ್ಟರ್ ಏನು ಮಾಡಿಯಾರು?

ಹಾಗಾದರೆ ಬೇಕಾದದ್ದು ಏನು? ಕುತ್ತಿಗೆಗೆ ಹಾಕಿಕೊಳ್ಳುವ ಗುರುತಿನ ಕಾರ್ಡ್ ಹೇಗೂ ಇದೆ. ಅದರೊಳಗೆ ಒಂದು ಒಳ್ಳೆಯ ಚಿಪ್ ಇರಲಿ. ಪಾಳಿ ಶುರುವಾದಾಗ ಕಾರ್ಡ್ ಮುಟ್ಟಿಸಿ ಪಿನ್ ಹಾಕಬೇಕು, ಒಂದೇ ಸಲ. ಆಮೇಲೆ ಆ ಪಾಳಿ ಮುಗಿಯುವವರೆಗೆ, ಆ ವಾರ್ಡಿನೊಳಗೆ, ಬರೀ ಮುಟ್ಟಿಸಿದರೆ ಸಾಕು. ಮುಟ್ಟಿಸಿದ ಕೂಡಲೇ ನೀವು ಆಚೆ ಕಂಪ್ಯೂಟರಿನಲ್ಲಿ ಯಾವ ಪೇಶೆಂಟಿನ ಪುಟ ಬಿಟ್ಟು ಬಂದಿದ್ದಿರೋ ಅದೇ ಪುಟ ಇಲ್ಲಿ ತೆರೆಯಬೇಕು. ಇನ್ನೊಮ್ಮೆ ಮುಟ್ಟಿಸಿದರೆ ಲಾಕ್. ಮಾರ್ಫಿನ್ ಆರ್ಡರ್, ರಕ್ತ ಕೊಡುವ ಆರ್ಡರ್ ತರಹದ್ದಕ್ಕೆ ಮಾತ್ರ ಪಿನ್ ಮತ್ತೆ ಕೇಳಲಿ. ಮನೆಯಿಂದ ನೋಡುವ ಡಾಕ್ಟರಿಗೆ ಪ್ರತಿ ಸಲವೂ ಎರಡೂ ಬೇಕು, ಅಲ್ಲಿ ರಿಯಾಯಿತಿ ಇಲ್ಲ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದರೆ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಆ ಪಾಳಿಗೆ ಮಾತ್ರ ನಡೆಯುವ ಕಾರ್ಡ್ ಸಿಗಬೇಕು, ಐಟಿಯವರು ಬೆಳಗ್ಗೆ ಒಂಬತ್ತಕ್ಕೆ ಬರುವವರೆಗೆ ಕಾಯುವ ಹಾಗಾಗಬಾರದು. ಈ ತರಹದ್ದು ಹೊರದೇಶಗಳ ಆಸ್ಪತ್ರೆಗಳಲ್ಲಿ ವರ್ಷಗಳಿಂದ ನಡೆಯುತ್ತಿದೆ, ನಾನು ಕನಸು ಕಂಡು ಹೇಳುತ್ತಿರುವುದಲ್ಲ.

ಒಳ್ಳೆಯ ಚಿಪ್ ಅಂತ ಯಾಕೆ ಹೇಳಿದೆ ಅಂದರೆ, ಬಾಗಿಲು ತೆರೆಯುವ ಹಳೆಯ 125 ಕಿಲೋಹರ್ಟ್ಸ್ ಕಾರ್ಡುಗಳು ಕೇಳಿದವರಿಗೆಲ್ಲ ತಮ್ಮ ನಂಬರನ್ನು ಕೂಗಿ ಹೇಳುತ್ತವೆ. ನಕಲು ಮಾಡುವ ಮಿಷನ್ ಆನ್‌ಲೈನಿನಲ್ಲಿ ಸಿಗುತ್ತದೆ. ಬೇಕಾದದ್ದು ಫೈಡೋ ಮಾದರಿಯದ್ದು. ಅದರೊಳಗಿನ ಗುಟ್ಟಿನ ಕೀ ಹೊರಗೆ ಬರುವುದೇ ಇಲ್ಲ. ಸರ್ವರ್ ಒಂದು ಸವಾಲು ಕಳಿಸುತ್ತದೆ, ಚಿಪ್ ಅದಕ್ಕೆ ಸಹಿ ಹಾಕಿ ಕಳಿಸುತ್ತದೆ, ಸಹಿಯ ಜೊತೆ ವೆಬ್‌ಸೈಟಿನ ವಿಳಾಸವೂ ಬೆರೆತಿರುತ್ತದೆ. ಹಾಗಾಗಿ ನಕಲಿ ಲಾಗಿನ್ ಪೇಜಿಗೆ ಹೋಗಿ ಮುಟ್ಟಿಸಿದರೂ ಕಳ್ಳನಿಗೆ ಪ್ರಯೋಜನ ಇಲ್ಲ, ಫೋನಿನಲ್ಲಿ ಹೇಳಲು ಅಂಕೆಯೇ ಇಲ್ಲ. 2017ರಲ್ಲಿ ಗೂಗಲ್ ತನ್ನ ನೌಕರರಿಗೆಲ್ಲ ಇಂಥ ಕೀ ಕೊಟ್ಟಿತು. ಎಂಬತ್ತೈದು ಸಾವಿರಕ್ಕೂ ಹೆಚ್ಚು ಜನ, ಕೀ ಕಡ್ಡಾಯವಾದ ಮೇಲೆ ಒಂದೇ ಒಂದು ಅಕೌಂಟ್ ಫಿಶಿಂಗಿಗೆ ಬಲಿಯಾಗಿಲ್ಲ ಅಂತ 2018ರಲ್ಲಿ ಹೇಳಿತು. ಕೀ ಖರೀದಿಸಿದ್ದು ಗೂಗಲ್, ನೌಕರರಲ್ಲ. ಇದನ್ನು ದಯವಿಟ್ಟು ಗಮನಿಸಿ.

ಕಾರ್ಡ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ಹೇಳುವುದಿಲ್ಲ. ಇಂಗ್ಲೆಂಡಿನ ಎನ್‌ಎಚ್‌ಎಸ್ ಇಪ್ಪತ್ತು ವರ್ಷದ ಹಿಂದೆಯೇ ಚಿಪ್ ಕಾರ್ಡು ಮತ್ತು ಪಿನ್ ಕೊಟ್ಟಿತ್ತು. 2007ರ ಶುರುವಿನಲ್ಲಿ ಸೌತ್ ವಾರ್ವಿಕ್‌ಶೈರ್ ಆಸ್ಪತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಲ್ಲಿನ ಎಮರ್ಜೆನ್ಸಿ ವಿಭಾಗದಲ್ಲಿ ಒಬ್ಬೊಬ್ಬರು ಲಾಗಿನ್ ಆಗಲು ಅರವತ್ತರಿಂದ ತೊಂಬತ್ತು ಸೆಕೆಂಡ್ ಹಿಡಿಯುತ್ತಿತ್ತು, ಹಾಗಾಗಿ ಒಬ್ಬರ ಕಾರ್ಡನ್ನೇ ಎಲ್ಲರೂ ಬಳಸಿ ಅಂತ ಆಡಳಿತ ಮಂಡಳಿಯೇ ಒಪ್ಪಿಗೆ ಕೊಟ್ಟಿತು! ನೋಡಿ, ಅಲ್ಲಿಯವರಿಗೆ ಟ್ರೈನಿಂಗ್ ಇರಲಿಲ್ಲವಾ, ಅವೇರ್‌ನೆಸ್ ಇರಲಿಲ್ಲವಾ? ಎಲ್ಲ ಇತ್ತು. ಸಮಯ ಇರಲಿಲ್ಲ ಅಷ್ಟೇ. ನನ್ನ ಮಟ್ಟಿಗೆ ಆಸ್ಪತ್ರೆಯ ಲಾಗಿನ್ನಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ. ಕಾರ್ಡೂ ರೀಡರೂ ದೊಡ್ಡ ಖರ್ಚಲ್ಲ. ಆ ಪುಟವನ್ನು ಎರಡು ಸೆಕೆಂಡಿನಲ್ಲಿ ತೆರೆಯುವ ಹಾಗೆ ಹಿಂದಿನ ವ್ಯವಸ್ಥೆ ಕಟ್ಟುವುದೇ ಖರ್ಚಿನ ಕೆಲಸ, ಬಜೆಟ್ ಕತ್ತರಿಸುವವರ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ.

ಡಾಕ್ಟರ್ ಮಿತ್ರರ ತಕರಾರು ಬೇರೆ. "ಹಾರ್ಟ್ ಅಟ್ಯಾಕ್ ಆದವನನ್ನು ಎದುರಿಗಿಟ್ಟುಕೊಂಡು ನಾನು ಕಾರ್ಡ್ ಹುಡುಕಬೇಕಾ?" ಅಂತ. ಈ ಪ್ರಶ್ನೆಗೆ ನಗುವ ಹಾಗಿಲ್ಲ, ಇದು ನ್ಯಾಯವಾದ ಪ್ರಶ್ನೆ. ಬೆಂಕಿ ಬಿದ್ದಾಗ ಗಾಜು ಒಡೆದು ಅಲಾರಂ ಒತ್ತುವ ಪೆಟ್ಟಿಗೆ ಇರುತ್ತದಲ್ಲ, ಅಂಥದ್ದೇ ಬೇಕು. ಎಮರ್ಜೆನ್ಸಿ ಬಟನ್ ಒತ್ತಿದರೆ ಬಾಗಿಲು ತೆರೆಯಲಿ, ಅಲರ್ಜಿ, ರಕ್ತದ ಗುಂಪು, ಈಗಿನ ಔಷಧ ಕಾಣಲಿ. ಯಾವ ಮಿಷನ್, ಎಷ್ಟು ಗಂಟೆ, ಯಾವ ಪೇಶೆಂಟ್ ಅನ್ನುವುದು ದಾಖಲಾಗಲಿ, ಮರುದಿನ ಒಬ್ಬರು ಕೂತು "ಇದು ನಿಜವಾಗಿ ಎಮರ್ಜೆನ್ಸಿಯಾ?" ಅಂತ ನೋಡಲಿ. ಮರುದಿನ ನೋಡುವವರು ಇಲ್ಲದಿದ್ದರೆ ಮಾತ್ರ ತಿಂಗಳೊಳಗೆ ಅದೇ ಮುಂಬಾಗಿಲಾಗುತ್ತದೆ, ಅದು ಖಂಡಿತ.

ದುಡ್ಡಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಮೆಡಿಕಲ್ ಕಾಲೇಜಿನ ಪ್ರೊಫೆಸರು ಹಾಜರಾಗಿದ್ದಾರಾ ಅಂತ ತಿಳಿಯಲು ಆಧಾರ್ ಬೆರಳಚ್ಚು ಬಂತು, 2025ರ ಮೇ 1ರಿಂದ ಮುಖ ತೋರಿಸುವ ಪದ್ಧತಿಯೂ ಬಂತು, ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಪ್ಪಣೆ. ಆಭಾ ನಂಬರ್ ಮಾಡಿಸಲು ಹೋದ ಪೇಶೆಂಟ್ ಸಾಮಾನ್ಯವಾಗಿ ಆಧಾರಿಗೆ ಸೇರಿಸಿದ ಮೊಬೈಲ್ ಹಿಡಿದು ಒಟಿಪಿ ಹೇಳಬೇಕು. ಅಂದರೆ ಹಾಜರಿಗೆ ಬೀಗ ಉಂಟು, ಪೇಶೆಂಟಿಗೆ ಬೀಗ ಉಂಟು. ಆ ಪೇಶೆಂಟಿನ ಕೇಸ್ ಶೀಟ್ ತೆರೆಯುವವರಿಗೆ ಮಾತ್ರ ವಾರ್ಡ್1, ಪಾಸ್‌ವರ್ಡೂ ವಾರ್ಡ್1. (ಬೆರಳಚ್ಚನ್ನೇ ವಾರ್ಡಿಗೂ ಹಾಕಿ ಅನ್ನಬೇಡಿ. ಗ್ಲೌಸ್ ಹಾಕಿದ ಕೈ, ದಿನಕ್ಕೆ ಐವತ್ತು ಸಲ ಸ್ಯಾನಿಟೈಸರ್ ತಿಂದ ಕೈ, ರೀಡರ್ ಗುರುತು ಹಿಡಿಯುವುದಿಲ್ಲ.)

2023ರ ಡೇಟಾ ರಕ್ಷಣೆ ಕಾಯಿದೆಯಲ್ಲಿ ಸರಿಯಾದ ಕಾವಲು ಇಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಇದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟರು. ಯಾರು ಯಾವಾಗ ಏನು ನೋಡಿದರು ಅನ್ನುವ ದಾಖಲೆ ಇಡಬೇಕು ಅಂತಲೂ ಅದರಲ್ಲಿದೆ. ದಂಡ ಸಂಸ್ಥೆಗೆ, ನರ್ಸಿಗಲ್ಲ. ಇದು ಓದಿ ಖುಷಿಯಾಯಿತು. ಆದರೆ ಗಡುವಿನ ಹಿಂದಿನ ವಾರ ಗಡಿಬಿಡಿಯಲ್ಲಿ ಎಲ್ಲರ ಮೊಬೈಲಿಗೂ ಒಟಿಪಿ ಹಾಕಿ, "ನಿಯಮ ಪಾಲಿಸಿದ್ದೇವೆ" ಅಂತ ಫೈಲ್ ಮುಚ್ಚುತ್ತಾರೆ ಅಂತ ನನ್ನ ಭಯ. ಆ ಕೋಡ್ ಬರೆಯುವವರು ನಮ್ಮಲ್ಲೇ ಯಾರೋ ಆಗಿರುತ್ತಾರೆ, ಅದಕ್ಕೇ ಈಗಲೇ ಕೂಗಾಡುತ್ತಿದ್ದೇನೆ.

ಇನ್ನು ದೊಡ್ಡ ಆಸ್ಪತ್ರೆ ಬಿಡಿ, ಕಾರ್ಕಳ, ಕಾಪು ಕಡೆ ಇಬ್ಬರು ಡಾಕ್ಟರು, ನಾಲ್ಕು ಸಿಸ್ಟರ್ ಇರುವ ನರ್ಸಿಂಗ್ ಹೋಮಿಗೆ ಇಷ್ಟೆಲ್ಲ ಬೇಕಾಗಿಲ್ಲ. ಎಲ್ಲರಿಗೂ ಅವರವರ ಐಡಿ, ಯುಎಸ್‌ಬಿಗೆ ಹಾಕುವ ಒಂದೊಂದು ಕೀ, ಅಷ್ಟು ಸಾಕು. ಆದರೆ ಅದಕ್ಕಿಂತ ಮೊದಲು ಒಂದು ಕೆಲಸ ಇದೆ. ಸಾಫ್ಟ್‌ವೇರ್ ಹಾಕಿಕೊಟ್ಟ ಕಂಪನಿಯವರು 'ಸಪೋರ್ಟ್' ಅಂತ ಒಂದು ಐಡಿ ಬಿಟ್ಟು ಹೋಗಿರುತ್ತಾರೆ. ದೂರದಿಂದ ನೋಡಲು ಎನಿಡೆಸ್ಕೋ ಮತ್ತೊಂದೋ ಹಾಕಿ, ಕೇಳದೇ ತೆರೆಯುವ ಹಾಗೆ ಪಾಸ್‌ವರ್ಡ್ ಇಟ್ಟಿರುತ್ತಾರೆ. ಹತ್ತು ಆಸ್ಪತ್ರೆಗೆ ಹಾಕಿಕೊಟ್ಟಿದ್ದರೆ ಹತ್ತಕ್ಕೂ ಅದೇ ಪಾಸ್‌ವರ್ಡ್ ಇರುವುದೇ ಹೆಚ್ಚು, ಅದನ್ನು ತಿಳಿದ ಹುಡುಗ ಕೆಲಸ ಬಿಟ್ಟು ಹೋಗಿ ಎರಡು ವರ್ಷ ಆಗಿರುತ್ತದೆ. ನಿಮ್ಮ ಪರಿಚಯದ ಡಾಕ್ಟರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ, ರಾತ್ರಿ ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಆ ಕಂಪ್ಯೂಟರ್ ಆನ್ ಇರುತ್ತದಾ ಅಂತ. "ಹೌದು, ಸಪೋರ್ಟಿನವರು ಆಫ್ ಮಾಡಬೇಡಿ ಅಂದಿದ್ದಾರೆ" ಅಂದರೆ, ಮೊದಲು ಹೋಗಿ ಅದನ್ನು ಆಫ್ ಮಾಡಿಸಿ.